ಮಗ್ಗಿ ತುಂಡಾಗದ ನಡಿಗೆ

ನೆಲದ ಮೇಲೆ ಕೂತವರಿಗೆ ಏಳುವುದನ್ನು ಕಲಿಸಬೇಕಾಗಿ ಬರಬಹುದು ಎಂದು ನನ್ನ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ನಾನು ಕಲಿತದ್ದು ಮ್ಯಾಟ್ರಿಕ್, ಅದರ ಮೇಲೆ ಒಂದು ವರ್ಷದ ವ್ಯಾಯಾಮ ಶಿಕ್ಷಣ. ಸೀಟಿ ಊದುವುದು, ಹುಡುಗರನ್ನು ಸಾಲಾಗಿ ನಿಲ್ಲಿಸುವುದು, ಖೋ ಖೋ ಆಡಿಸುವುದು, ಉಳುಕಿದ ಕಾಲಿಗೆ ಪಟ್ಟಿ ಸುತ್ತುವುದು, ಇಷ್ಟು ಗೊತ್ತಿತ್ತು. ಎಪ್ಪತ್ತರ ದಶಕದ ಮೊದಲಲ್ಲಿ ನಾಸಿಕದ ಹತ್ತಿರ, ಓಝರಿನ ವಿಮಾನ ಕಾರ್ಖಾನೆಯ ಮಕ್ಕಳು ಬರುತ್ತಿದ್ದ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದೆ. ಅಣ್ಣ ಕಾರ್ಖಾನೆಯಲ್ಲಿ ಫಿಟ್ಟರ್. ಗದಗದ ಕಡೆಯಿಂದ ನನ್ನನ್ನು ಅಲ್ಲಿಗೆ ಕರೆಸಿಕೊಂಡವನೂ ಅವನೇ.

ಹೋದ ತಿಂಗಳು ನಮ್ಮ ವೈನಿ, ಅಂದರೆ ಆ ಅಣ್ಣನ ಹೆಂಡತಿ, ತೀರಿಕೊಂಡರು. ಅಂದಿನಿಂದ ನನಗೆ ಬೇರೆ ಯಾವ ಕಾಲವೂ ಅಷ್ಟಾಗಿ ನೆನಪಿಗೆ ಬರುತ್ತಿಲ್ಲ. ಒಂದು ಮಳೆಗಾಲದಿಂದ ಸಂಕ್ರಾಂತಿಯವರೆಗಿನ ದಿನಗಳಷ್ಟೇ ಬರುತ್ತಿವೆ. ಅವನ್ನು ಬರೆದಿಡುತ್ತೇನೆ.

ಆ ಮಳೆಗಾಲದ ಆರಂಭದಲ್ಲಿ ಅಣ್ಣ ಜ್ವರದಿಂದ ಹೋದ. ವೈನಿಗೆ ಆಗ ನಲವತ್ತರ ಹತ್ತಿರ. ಒಬ್ಬಳೇ ಮಗಳು, ಶಾಲೆಗೆ ಹೋಗುತ್ತಿದ್ದಳು. ಕಾರ್ಖಾನೆಯವರು ಒಳ್ಳೆಯ ಮನಸ್ಸಿನಿಂದಲೇ ಕ್ಯಾಂಟೀನಿನ ಅಡುಗೆಮನೆಯಲ್ಲಿ ವೈನಿಗೆ ಕೆಲಸ ಕೊಡಲು ಒಪ್ಪಿದರು. ಕೆಲಸ ಸಿಕ್ಕರೆ ಕ್ವಾರ್ಟರ್ಸ್ ಉಳಿಯುತ್ತಿತ್ತು, ಹುಡುಗಿಯ ಶಾಲೆ ಉಳಿಯುತ್ತಿತ್ತು. ಇಲ್ಲದಿದ್ದರೆ ತಾಯಿ ಮಗಳು ಊರಿಗೆ ಹೋಗಿ ಇನ್ನೊಬ್ಬರ ಮನೆಯ ಮೂಲೆಯಲ್ಲಿ ಇರಬೇಕಿತ್ತು. ನಡುವೆ ಇದ್ದದ್ದು ವೈದ್ಯಕೀಯ ಪರೀಕ್ಷೆ ಮಾತ್ರ.

ವೈನಿ ಬಹಳ ದಪ್ಪ ಇದ್ದರು. ಇದನ್ನು ಹೇಳಲು ನನಗೆ ಸಂಕೋಚವಿಲ್ಲ, ಅವರಿಗೇ ಇರಲಿಲ್ಲ. ದವಾಖಾನೆಯ ಡಾಕ್ಟರು ವಯಸ್ಸಾದ ಮರಾಠಿಗರು. ತೋಳಿಗೆ ಪಟ್ಟಿ ಕಟ್ಟಿ ರಕ್ತದ ಒತ್ತಡ ನೋಡಿದರು, ತೂಕ ನೋಡಿದರು, ಆಮೇಲೆ ದವಾಖಾನೆಯ ಮೇಲಿನ ಮಹಡಿಗೆ ಹತ್ತಿ ಬರಲು ಹೇಳಿದರು. ವೈನಿ ಮೆಟ್ಟಿಲುಗಳ ಅರ್ಧಕ್ಕೇ ನಿಂತುಬಿಟ್ಟರು. ಕಟಕಟೆ ಹಿಡಿದು, ಬಾಯಿ ತೆರೆದು ಉಸಿರು ಎಳೆದುಕೊಂಡರು. ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿದರು.

ಡಾಕ್ಟರು ಸಿಟ್ಟಾಗಲಿಲ್ಲ. "ನಾಪಾಸು ಅಂತ ಬರೆಯುವುದಿಲ್ಲ, ಬಾಯಿಯವರೇ. ದೀಪಾವಳಿ ಆದಮೇಲೆ ಇನ್ನೊಮ್ಮೆ ಬನ್ನಿ" ಎಂದರು ಹಿಂದಿಯಲ್ಲಿ. ಅಡುಗೆಮನೆಯ ನೆಲ ಯಾವಾಗಲೂ ಒದ್ದೆ, ಪಕ್ಕದಲ್ಲೇ ಕಾದ ಎಣ್ಣೆಯ ಕಡಾಯಿ, ಅಲ್ಲಿ ಉಸಿರು ತಪ್ಪಿ ಕಾಲು ಜಾರಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಿದರು. ಊಟದಲ್ಲಿ ಉಪ್ಪು, ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಲು ಹೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀನು ಪೀಟಿ ಮಾಸ್ತರ್ ಅಲ್ಲವಾ? ನಿನ್ನ ಹುಡುಗರ ಹಾಗೆ ಇವರನ್ನು ಓಡಿಸಬೇಡ, ಜಿಗಿಸಬೇಡ. ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿಸಿ ಇಲ್ಲಿಗೆ ಕರೆದುಕೊಂಡು ಬಾ. ಘಾಯಿ ನಕೋ."

ಅವಸರ ಬೇಡ ಎಂಬ ಈ ಎರಡು ಮರಾಠಿ ಮಾತು ಮುಂದೆ ನಮ್ಮ ಮನೆಮಾತಾಯಿತು.

ಮನೆಗೆ ಬಂದು ಕೂತೆವು. ನಾನು ಕುರ್ಚಿಯ ಮೇಲೆ, ವೈನಿ ಕಬ್ಬಿಣದ ಮಂಚದ ಮೇಲೆ. ನಾಳೆಯಿಂದಲೇ ಶುರು ಮಾಡೋಣ ಎಂದೆ.

"ಮಾಸ್ತರ, ನಂಗ ದಣಿಯೂದಕ್ಕ ಅಂಜಿಕಿಲ್ಲ" ಎಂದರು ವೈನಿ. "ಬೀಳೂದಕ್ಕ ಅಂಜಿಕಿ. ನಮ್ಮ ಚಿಗವ್ವ ನನ್ನಂಗ ದಪ್ಪ ಇದ್ಲು. ಹಿತ್ತಲದಾಗ ಜಾರಿ ಬಿದ್ದಾಕಿ ಮತ್ತ ಹಾಸಿಗಿ ಬಿಟ್ಟು ಏಳಲಿಲ್ಲ. ನಾ ಬಿದ್ದರ ಎತ್ತಾಕ ನಾಕ ಮಂದಿ ಬೇಕರಿ. ನಾಕ ಮಂದಿ ಹೊರೂದು ಒಂದ ಸಲನ ಇರಲಿ."

ಅಣ್ಣ ಹೋಗಿ ಹೆಚ್ಚು ದಿನ ಆಗಿರಲಿಲ್ಲ. ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಅಷ್ಟರಲ್ಲಿ ಹುಡುಗಿ ಒಂದು ಮಾತು ಹೇಳಿದಳು. ಅವಳು ಮರಾಠಿ ಶಾಲೆಯ ಹುಡುಗಿ. ಕನ್ನಡ ಪೂರಾ ತಿಳಿಯುತ್ತಿತ್ತು, ಆಡಲು ಹೋದರೆ ಮರಾಠಿ ನುಗ್ಗುತ್ತಿತ್ತು. "ಕಾಕಾ, ಆಯಿ ಖಾಲಿ ಕೂಡಂಗಿಲ್ಲ. ಉಭೀ ರಾಹೂನ್ ಊಟ ಮಾಡತಾಳ" ಎಂದಳು. ತಾಯಿ ಕೆಳಗೆ ಕೂಡುವುದೇ ಇಲ್ಲ, ನಿಂತೇ ಊಟ ಮಾಡುತ್ತಾಳೆ ಎಂದು. ಕಾರಣ ಕೇಳಿದೆ. ವೈನಿ ಸೆರಗು ಸರಿ ಮಾಡಿಕೊಂಡರು.

"ಕೆಳಗ ಕುಂತರ ಏಳಾಕ ನಿಮ್ಮಣ್ಣ ಕೈ ಕೊಡತಿದ್ರು. ಈಗ ಯಾರ ಕೊಡತಾರ?"

ಪಟ್ಟು, ಪರೇಡು, ಏಕ್ ದೋನ್ ತೀನ್, ನಾನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆಲ್ಲ ಆಗ ಬದಿಗೆ ಸರಿಯಿತು. ಬಿದ್ದರೆ ಏಳಲಾರೆ ಎಂಬ ಹೆದರಿಕೆ ಇರುವವರು ಒಂದು ಹೆಜ್ಜೆಯನ್ನೂ ನಂಬಿ ಇಡಲಾರರು. ಹಾಗಾಗಿ ಮೊದಲ ಪಾಠ ನಡೆಯುವುದಲ್ಲ, ಏಳುವುದು.

ನಾನು ಅವರನ್ನು ಮುಟ್ಟಿ ಎತ್ತುವಂತಿರಲಿಲ್ಲ. ಅವರು ಅಣ್ಣನ ಹೆಂಡತಿ, ನಾನು ಮದುವೆಯಾಗದ ಮೈದುನ. ಅಣ್ಣ ಹೋದ ವಾರದಲ್ಲೇ ಜನರ ಬಾಯಿಗೆ ಹೆದರಿ ನನ್ನ ಹಾಸಿಗೆಯನ್ನು ಶಾಲೆಯ ಹಿಂದಿನ ಕೋಣೆಗೆ ಸಾಗಿಸಿದ್ದೆ. ಆದ್ದರಿಂದ ಎಲ್ಲವನ್ನೂ ನಾನೇ ಮಾಡಿ ತೋರಿಸಬೇಕಿತ್ತು. ನೆಲದ ಮೇಲೆ ಕೂತೆ. ಒಂದು ಮಗ್ಗುಲಿಗೆ ವಾಲಿದೆ. ಎರಡೂ ಅಂಗೈ ಊರಿ, ಮಡಿಸಿದ ಕೌದಿಯ ಮೇಲೆ ಮೊಣಕಾಲೂರಿ ಅಂಬೆಗಾಲಿನ ಭಂಗಿಗೆ ಬಂದೆ. ಹಾಗೇ ಮಂಚದ ಹತ್ತಿರ ಸರಿದು ಅದರ ಅಂಚಿಗೆ ಕೈ ಕೊಟ್ಟೆ. ನೋವು ಕಡಿಮೆ ಇರುವ ಕಾಲಿನ ಪಾದವನ್ನು ಮುಂದೆ ಊರಿ, ಕೈ ಮತ್ತು ಪಾದ ಎರಡನ್ನೂ ಒಟ್ಟಿಗೆ ಒತ್ತಿ ಎದ್ದೆ. ತೂಕವಿರುವವರಿಗೆ ಇದು ಹೇಗೆ ಆಗುತ್ತದೆ ಎಂದು ತಿಳಿಯಲಿ ಅಂತ ನಿಧಾನವಾಗಿ, ಏದುಸಿರು ಬಿಡುತ್ತ ಮಾಡಿ ತೋರಿಸಿದೆ.

"ಸಾಕ ಮಾಡ್ರಿ, ನಾ ಅಷ್ಟ ದಪ್ಪಿಲ್ಲ" ಎಂದು ವೈನಿ ನಕ್ಕರು. ಅಣ್ಣ ಹೋದ ಮೇಲೆ ಅವರು ನಕ್ಕದ್ದು ಅದೇ ಮೊದಲು.

ಅವರಿಗೆ ಆ ದಿನ ಆಗಲಿಲ್ಲ. ಮರುದಿನವೂ ಅರ್ಧಕ್ಕೇ ನಿಂತಿತು. ನಾನು ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ, ಹುಡುಗಿ ಮಂಚ ಸರಿಯದಂತೆ ಆ ಕಡೆ ಕೂತಿರುತ್ತಿದ್ದಳು. ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ವೈನಿ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದರು. ನನ್ನನ್ನು ನೋಡಿಯೂ ಏಳಲಿಲ್ಲ. ತಟ್ಟೆ ಬದಿಗಿಟ್ಟು, ಕೈ ತೊಳೆದು, ಮಗ್ಗುಲಿಗೆ ವಾಲಿ, ಮೊಣಕಾಲೂರಿ, ಮಂಚಕ್ಕೆ ಕೈ ಕೊಟ್ಟು ತಾವಾಗಿಯೇ ಎದ್ದು ನಿಂತು, "ಚಾ ಮಾಡ್ಲ್ಯಾ?" ಎಂದರು. ನಾನು ಶಾಲೆಯಲ್ಲಿ ಎಷ್ಟೋ ಹುಡುಗರು ಎತ್ತರ ಜಿಗಿದದ್ದನ್ನು ನೋಡಿದ್ದೇನೆ. ಅಂದಿನಷ್ಟು ಸಂತೋಷ ಯಾವುದೂ ಕೊಟ್ಟಿಲ್ಲ.

ಆಮೇಲೆ ಕಾಲಿನ ಬಲಕ್ಕೆ ಕೈ ಹಾಕಿದೆವು. ತಾಲೀಮಿನ ಬೈಠಕ್, ಅಂದರೆ ಬಸ್ಕಿ, ಅವರ ಮೊಣಕಾಲಿಗೆ ಕೂಡದು. ಕುರ್ಚಿಯಿಂದ ಎದ್ದು ಕೂಡುವುದು ಕೂಡ ಕಷ್ಟವಿತ್ತು. ಮಂಚದ ನಾಲ್ಕೂ ಕಾಲಿನ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟು ಎತ್ತರ ಮಾಡಿದೆ. ಎತ್ತರದಿಂದ ಏಳುವುದು ಹಗುರ. ಕೈ ಊರದೆ ಎದ್ದು, ಧಪ್ಪೆಂದು ಕೂಡದೆ ನಿಧಾನವಾಗಿ ಕೂಡಬೇಕು. ತೊಡೆ ಬಲಿತಂತೆ ಒಂದೊಂದು ಇಟ್ಟಿಗೆ ತೆಗೆಯುವುದು. ಗೋಡೆಗೆ ಅಂಗೈ ಒತ್ತಿ ಮುಂದೆ ಬಾಗಿ ಹಿಂದೆ ಬರುವುದು. ಒಲೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು. ಒಂದು ಕಾಲ ಮೇಲೆ ನಿಲ್ಲುವುದು, ಇದು ಒದ್ದೆ ನೆಲಕ್ಕಾಗಿ. ಒಂದು ದಿನ ಇದು, ಒಂದು ದಿನ ಬರಿಯ ನಡಿಗೆ, ವಾರಕ್ಕೊಮ್ಮೆ ಪೂರ್ಣ ಬಿಡುವು.

ನಡಿಗೆಗೆ ಹವಾಯಿ ಚಪ್ಪಲಿ ಸಾಲದು ಎಂದೆ. ಹಿಮ್ಮಡಿಗೆ ಹಿಡಿತವಿಲ್ಲದ ಚಪ್ಪಲಿಯಲ್ಲಿ ಭಾರದ ಪಾದ ಒಳಕ್ಕೆ ವಾಲುತ್ತದೆ, ಅದರ ಪೆಟ್ಟು ಮೊಣಕಾಲಿಗೆ. ದೇವಳಾಲಿಯ ಮಿಲಿಟರಿ ಕ್ಯಾಂಪಿನಲ್ಲಿ ಜವಾನರ ಮನೆಯವರು ಹೋಗುವ ಸಣ್ಣ ಅಂಗಡಿಗಳಿದ್ದವು. ಅಲ್ಲಿ ಹೆಂಗಸರ ಅಳತೆಯಲ್ಲಿ ಅಷ್ಟು ಅಗಲದ ಬೂಟು ಇರಲಿಲ್ಲ. ಗಂಡಸರ ಬಿಳಿ ಕ್ಯಾನ್‌ವಾಸ್ ಬೂಟು ತಂದೆ. ವೈನಿ ಅದನ್ನು ಹಿಡಿದು ಹಿಂದೆ ಮುಂದೆ ನೋಡಿದರು.

"ಇಳಕಲ್ ಸೀರಿ ಕೆಳಗ ಪಲ್ಟನ್ನಿನ ಬೂಟು! ಮಂದಿ ಏನಂದಾರು?"

"ಅನ್ನೋರು ಕ್ಯಾಂಟೀನಿನ್ಯಾಗ ನಿಮ್ಮ ಬದಲಿ ನಿಂತು ಚಪಾತಿ ಲಟ್ಟಸ್ತಾರೇನ್ರಿ?"

"ಅದೂ ಖರೆ" ಎಂದು ಕಾಲು ಚಾಚಿ ಲೇಸು ಕಟ್ಟಿಕೊಂಡರು. ಬಗ್ಗಿ ಲೇಸು ಕಟ್ಟುವುದೇ ಅವರಿಗೆ ಒಂದು ವ್ಯಾಯಾಮವಾಗಿತ್ತು.

ಮಂದಿ ಅಂದೇ ಅಂದರು. ಗಂಡ ಹೋದ ಹೆಂಗಸು ಮನೆಯೊಳಗಿರದೆ ಬೆಳಗಾಗುವುದೇ ತಡ ಬೂಟು ಹಾಕಿಕೊಂಡು ಹೊರಡುತ್ತಾಳೆ ಎಂದು. ಪಕ್ಕದ ಮನೆಯಾಕೆ ಒಳ್ಳೆಯವರೇ, ಆದರೆ ನಾಲಿಗೆ ಸುಮ್ಮನಿರದು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನಾಲ್ಕು ಜನರ ಮುಂದೆ, "ಕಾಯ್ ವಹಿನಿ, ಪರೇಡ್‌ಲಾ ನಿಘಾಲಾತ್?" ಎಂದು ಕೇಳಿದರು. ಏನು, ಪರೇಡಿಗೆ ಹೊರಟಿರಾ ಎಂದು.

ವೈನಿ ನಿಂತು, ಬೂಟುಗಾಲು ಜೋಡಿಸಿ ಅವರಿಗೊಂದು ಸೆಲ್ಯೂಟ್ ಹೊಡೆದರು. ಬಿಂದಿಗೆ ಹಿಡಿದವರೆಲ್ಲ ನಕ್ಕರು. ಆದರೆ ನಡಿಗೆಗೆಂದು ನಮ್ಮ ಶಾಲೆಯ ಮೈದಾನಕ್ಕೆ ಬಂದ ಮೇಲೆ ವೈನಿಯ ಮುಖ ಬಾಡಿತ್ತು.

ಅಂದಿನಿಂದ ಮಗಳನ್ನು ಜೊತೆಗೆ ಕರೆತರತೊಡಗಿದರು. "ಊರಿಗೆ ಹೋದರ ಅಜ್ಜಿ ಕೂಡ ನಾಕ ಮಾತು ಆಡಾಕ ಬರಂಗಿಲ್ಲ ಈಕಿಗೆ. ಲೆಕ್ಕ ಮರಾಠಿದಾಗ ಮಾಡ್ತಾಳ. ನಡೀವಾಗ ಮಗ್ಗಿ ಕಲಸ್ತೀನಿ" ಎಂದರು. ವೈನಿ ನಾಲ್ಕನೇ ಇಯತ್ತೆಯವರೆಗೆ ಓದಿದ್ದರು. ಇಪ್ಪತ್ತರವರೆಗಿನ ಮಗ್ಗಿ ಬಾಯಲ್ಲಿತ್ತು. ಹುಡುಗಿಗೆ ಶಾಲೆಯಲ್ಲಿ ಕಲಿತ 'ಬೇ ಏಕೆ ಬೇ, ಬೇ ದುಣೆ ಚಾರ್' ಮಾತ್ರ ಬರುತ್ತಿತ್ತು. ಹೀಗೆ ಶಾಲೆಯ ಮೈದಾನದ ಮೆತ್ತನೆಯ ಮಣ್ಣಿನ ಅಂಚಿನಲ್ಲಿ ತಾಯಿ "ಎರಡ ಒಂದ್ಲೆ ಎರಡು" ಎನ್ನುವುದು, ಮಗಳು ಅದನ್ನೇ ಹೇಳುವುದು, ಇಬ್ಬರೂ ನಡೆಯುವುದು. ನೋಡುವವರಿಗೆ ಅದು ಮಗಳ ಪಾಠ. ಪರೇಡು ಎನ್ನುವವರು ಸುಮ್ಮನಾದರು.

ನಾನು ಹುಡುಗರ ಸಾಲು ನಿಲ್ಲಿಸುತ್ತ ದೂರದಿಂದ ಕೇಳಿಸಿಕೊಳ್ಳುತ್ತಿದ್ದೆ. ಕಿವಿಗೆ ಒಂದು ಸಂಗತಿ ಬಿತ್ತು. ಮೈದಾನದ ಒಂದು ಕಡೆ ನೆಲ ಸ್ವಲ್ಪ ಏರು. ಅಲ್ಲಿಗೆ ಬಂದಾಗ ವೈನಿಯ ಮಗ್ಗಿ ತುಂಡಾಗುತ್ತಿತ್ತು. "ಹದಿಮೂರ ನಾಕ್ಲೆ..." ಎಂದು ನಿಂತು, ಉಸಿರೆಳೆದು, "ಐವತ್ತೆರಡು." ಸಮತಟ್ಟಿಗೆ ಬಂದರೆ ಮತ್ತೆ ಒಂದೇ ಉಸಿರಿಗೆ ಸಾಲು ಮುಗಿಯುತ್ತಿತ್ತು. ಎಷ್ಟು ಜೋರಾಗಿ ನಡೆಸಬೇಕು ಎಂಬುದಕ್ಕೆ ನನ್ನ ಹತ್ತಿರ ಅಳತೆಯೇ ಇರಲಿಲ್ಲ. ಹುಡುಗರ ನಾಡಿ ಹಿಡಿದು ನೋಡುವಂತೆ ಅವರ ಕೈ ಹಿಡಿಯುವಂತಿರಲಿಲ್ಲ. ಅಳತೆ ತಾನಾಗಿಯೇ ಸಿಕ್ಕಿತು.

"ವೈನಿ, ಮಗ್ಗಿ ತುಂಡಾಗಬಾರದು" ಎಂದೆ. "ತುಂಡಾದರ ಸಾವಕಾಶ ಆಗ್ರಿ. ಒಂದ ಉಸಿರಿನ್ಯಾಗ ಎರಡ ಸಾಲು ಹೇಳಾಕ ಬಂತಂದರ ಸ್ವಲ್ಪ ಜೋರ ನಡೀರಿ."

ಅದು ಅವರಿಗೆ ಕೂಡಲೇ ಹಿಡಿಸಿತು. ಗಡಿಯಾರ ಬೇಡ, ಸುತ್ತು ಎಣಿಸುವುದು ಬೇಡ. ತಾಯಿ ಅವಸರ ಮಾಡಿದರೆ ಮಗಳೇ "ಆಯಿ, ತುಂಡಾತು!" ಎಂದು ಸೆರಗು ಜಗ್ಗುತ್ತಿದ್ದಳು. ಮಳೆ ನಿಂತು ಬಿಸಿಲು ಬಂದಂತೆ ಏರಿನಲ್ಲೂ ಹದಿಮೂರರ ಮಗ್ಗಿ ನಿಲ್ಲದೆ ಹೋಗತೊಡಗಿತು. ಮಂಚದ ಕಾಲುಗಳ ಕೆಳಗಿನ ಒಂದು ಸಾಲು ಇಟ್ಟಿಗೆ ತೆಗೆದೆ. ಸೀರೆಯ ಬಿಗಿ ಹಾಗೇ ಇತ್ತು, ಆದರೆ ಏಳುವಾಗ 'ಅಯ್ಯಪ್ಪಾ' ಎನ್ನುವುದು ನಿಂತಿತು.

ನವರಾತ್ರಿ ಬಂತು. ನೆರೆಯ ಹೆಂಗಸರು ಸಪ್ತಶೃಂಗಿ ದೇವಿಯ ಬೆಟ್ಟಕ್ಕೆ, ಸಪ್ತಶೃಂಗಿ ಗಡಕ್ಕೆ, ಹೊರಟರು. ನಾಸಿಕದ ಕಡೆ ಆ ದಿನಗಳಲ್ಲಿ ಬರಿಗಾಲಿನಲ್ಲಿ ಗಡ ಹತ್ತಿ ದೇವಿಯ ದರ್ಶನ ಮಾಡುವುದು ದೊಡ್ಡದು. ವೈನಿಯನ್ನೂ ಕರೆದರು. ಅವರಿಗೆ ಉಸಿರು ಕೂಡಿತ್ತು, ಧೈರ್ಯ ಬಂದಿತ್ತು, ದೇವಿಯಲ್ಲಿ ಬೇಡುವುದೂ ಇತ್ತು. ನನಗೆ ಹೇಳಿದ್ದರೆ ಬೂಟಿನ ವಿಷಯ ತೆಗೆಯುತ್ತೇನೆಂದು ಹೇಳದೆ ಹೋದರು. ಬೂಟು ಮಂಚದ ಕೆಳಗೆ ಉಳಿಯಿತು.

ಮರುದಿನ ಮೈದಾನಕ್ಕೆ ಬರಲಿಲ್ಲ. ಹೋಗಿ ನೋಡಿದರೆ ಮಂಚದ ಮೇಲೆ ಕಾಲು ಚಾಚಿದ್ದರು. ಬಲಮೊಣಕಾಲು ಬಾತು ಚಿಪ್ಪೇ ಕಾಣದಂತಾಗಿತ್ತು.

"ಹತ್ತೂ ಮುಂದ ಮಗ್ಗಿ ಹೇಳಕೋತ ಹತ್ತೀನ್ರಿ ಮಾಸ್ತರ. ಒಂದೂ ತುಂಡಾಗಲಿಲ್ಲ" ಎಂದರು, ಮೊದಲು ಅದನ್ನೇ. "ಇಳಿಯೂ ಮುಂದ ಎಸ್ಟೀ ಬಸ್ಸು ತಪ್ಪತೈತಂತ ಎಲ್ಲಾರೂ ಓಡಾಕತ್ತರು. ನಾನೂ ಓಡಿದೆ. ಉಸಿರು ಛಲೋ ಇತ್ತಲ್ರಿ."

ಉಸಿರು ಚೆನ್ನಾಗಿತ್ತು, ನಿಜ. ಮಗ್ಗಿ ಉಸಿರನ್ನು ಕಾಯುತ್ತದೆ, ಮೊಣಕಾಲನ್ನು ಕಾಯುವುದಿಲ್ಲ. ಹತ್ತುವಾಗ ದಣಿಯುವುದು ಎದೆ. ಇಳಿಯುವಾಗ ಇಡೀ ಮೈಯ ಭಾರ ಪ್ರತಿ ಮೆಟ್ಟಿಲಿಗೂ ಮೊಣಕಾಲಿನ ಮೇಲೆ ಬೀಳುತ್ತದೆ, ಅದರಲ್ಲೂ ಬರಿಗಾಲು, ಕಲ್ಲು, ಓಟ. ಎದೆ ಕೆಲವೇ ವಾರಗಳಲ್ಲಿ ಮೇಲಕ್ಕೆ ಬಂದಿತ್ತು, ಮೊಣಕಾಲಿನ ಸುತ್ತಲಿನ ನರ ಸ್ನಾಯುಗಳಿಗೆ ಇನ್ನೂ ಕಾಲ ಬೇಕಿತ್ತು. ಎರಡಕ್ಕೂ ಬೇರೆ ಬೇರೆ ಅಳತೆ ಬೇಕು ಎಂದು ನಾವು ಕಲಿತದ್ದು ಹೀಗೆ.

ದೀಪಾವಳಿ ಹತ್ತಿರವಿತ್ತು. ಪಕ್ಕದ ಮನೆಯಾಕೆ ತೈಲ ತಂದು, ಪರೀಕ್ಷೆಯ ದಿನ ಬಿಗಿಯಾಗಿ ಪಟ್ಟಿ ಕಟ್ಟಿಕೊಳ್ಳಿ, ಸೀರೆಯೊಳಗೆ ಯಾರಿಗೆ ಕಾಣುತ್ತದೆ, ಒಂದು ಸಲ ಮೆಟ್ಟಿಲು ಹತ್ತಿ ಇಳಿದರೆ ಮುಗಿಯಿತು ಎಂದರು. ಅವರು ಕೆಟ್ಟದ್ದಕ್ಕೆ ಹೇಳಿದ್ದಲ್ಲ. ದೀಪಾವಳಿ ಆದಮೇಲಿನ ಆ ಪರೀಕ್ಷೆ ತಪ್ಪಿದರೆ ಕ್ಯಾಂಟೀನಿನ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ ಎಂಬ ಸುದ್ದಿ ಎಲ್ಲರಿಗೂ ತಿಳಿದಿತ್ತು. ಆ ಜಾಗ ಹೋದರೆ ಮನೆಯೂ ಹೋಯಿತು.

ವೈನಿ ತೈಲದ ಶೀಸೆಯನ್ನು ಮಂಚದ ಬದಿಗಿಟ್ಟರು. ಆಮೇಲೆ ನನಗೆ ಹೇಳಿದರು:

"ಪಟ್ಟಿ ಕಟ್ಟಿ ಪಾಸಾಗಬಹುದ್ರಿ. ಮರುದಿನ ಕಾದ ಎಣ್ಣಿ ಮುಂದ ಕಾಲು ಕೈಕೊಟ್ಟರ? ಈಕಿಗೆ ಅಪ್ಪ ಇಲ್ಲ, ಇನ್ನ ಅವ್ವನೂ ಹಾಸಿಗಿ ಹಿಡದರ? ನಡೀರಿ, ಡಾಕ್ಟರಿಗೆ ಕಾಲು ತೋರಸೂಣು. ಅದಕ್ಕೂ ಮೊದಲ ಕ್ಯಾಂಟೀನಿನವರಿಗೆ ಖರೆ ಹೇಳೂಣು."

ಕೆಲಸ ಕೈತಪ್ಪುವ ಹೊತ್ತಿನಲ್ಲಿ, ತನ್ನ ಊನವನ್ನು ಕೆಲಸ ಕೊಡುವವರ ಮುಂದೆ ತಾನೇ ಬಿಚ್ಚಿ ಇಡುವುದು ಸಣ್ಣ ಮಾತಲ್ಲ. ನನ್ನಿಂದ ಆಗುತ್ತಿತ್ತೋ ಇಲ್ಲವೋ. ವೈನಿ ಹುಡುಗಿಯ ಭುಜ ಹಿಡಿದು ಕುಂಟುತ್ತ ಕ್ಯಾಂಟೀನಿಗೆ ನಡೆದರು.

ಕ್ಯಾಂಟೀನಿನ ಮುಖ್ಯಸ್ಥರು ಕುಂದಾಪುರದ ಕಡೆಯವರು, ಮೊದಲು ನಾಸಿಕದಲ್ಲಿ ಹೋಟೆಲಿನಲ್ಲಿ ದುಡಿದು ಬಂದವರು. ವೈನಿ ಹೇಳಿದ್ದನ್ನೆಲ್ಲ ಸೊಂಟದ ಮೇಲೆ ಕೈಯಿಟ್ಟು ಕೇಳಿದರು.

"ಎಂಥ ಜನ ನೀವು ಮಾರಾಯ್ರೆ! ಇಲ್ಲಿ ಬರುವವರೆಲ್ಲ ಕೈ ಸುಟ್ಟಿದ್ದನ್ನೂ ಅಡಗಿಸಿ ಕೆಲಸಕ್ಕೆ ಸೇರ್ತಾರೆ. ನೀವು ಸೇರುವ ಮೊದಲೇ ಬೀಗಿದ ಕಾಲು ಹಿಡ್ಕೊಂಡು ಬಂದಿದ್ದೀರಿ" ಎಂದರು. "ಸಂಕ್ರಾಂತಿವರೆಗೆ ಹೇಗಾದರೂ ಸುಧಾರಿಸ್ತೇನೆ. ಡಾಕ್ಟರು ಒಪ್ಪಿದರೆ ಮಾತ್ರ, ಆಯ್ತಾ? ಅದರ ಮೇಲೆ ನನ್ನ ಕೈಯಲ್ಲಿಲ್ಲ. ಮಾಸ್ತರೇ, ನಿಲ್ಲಿ, ಐಸ್ ತಕೊಂಡು ಹೋಗಿ."

ಗೋಣಿಯ ತುಂಡಿನಲ್ಲಿ ಸುತ್ತಿದ ಐಸ್ ಗಡ್ಡೆ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ದವಾಖಾನೆಗೆ ಹೋದೆವು. ಡಾಕ್ಟರು ಮೊಣಕಾಲನ್ನು ಮಡಿಸಿ, ಚಾಚಿ, ಒತ್ತಿ ನೋಡಿದರು. ಮೂಳೆಗೆ ಏನೂ ಆಗಿಲ್ಲ, ಒಳಗೆ ಬಾವು ಎಂದರು. ಪರೀಕ್ಷೆಯನ್ನು ಸಂಕ್ರಾಂತಿಗೆ ಮುಂದೂಡಲು ಒಪ್ಪಿದರು. "ತೋರಿಸಲು ಬಂದಿರಲ್ಲ, ಇದರಿಂದಲೇ ನೀವು ಕೆಲಸಕ್ಕೆ ಅರ್ಧ ತಯಾರಾದಿರಿ. ಉಳಿದರ್ಧಕ್ಕೆ..."

"ಘಾಯಿ ನಕೋ" ಎಂದು ವೈನಿಯೇ ಮುಗಿಸಿದರು. ಡಾಕ್ಟರು ಕನ್ನಡಕ ತೆಗೆದು ನಕ್ಕರು.

ಮತ್ತೆ ಮೊದಲಿಂದ. ತೆಗೆದ ಇಟ್ಟಿಗೆ ಮಂಚದ ಕೆಳಗೆ ಹಿಂತಿರುಗಿ ಬಂತು. "ಮತ್ತ ಪೈಲಿ ಇಯತ್ತಾ" ಎಂದರು ವೈನಿ, ಹುಡುಗಿಯ ಮರಾಠಿಯಲ್ಲಿ, ಮತ್ತೆ ಒಂದನೇ ತರಗತಿ ಎಂದು. ಬಾವು ಇಳಿಯುವವರೆಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರು, ಕಾಲು ಎತ್ತರದಲ್ಲಿಟ್ಟು ಮಲಗಿದರು. ಆಮೇಲೆ ಸುರುಳಿ ಮಾಡಿದ ಟವೆಲನ್ನು ಮೊಣಕಾಲಿನ ಕೆಳಗಿಟ್ಟು, ಅದನ್ನು ಕೆಳಕ್ಕೆ ಒತ್ತುವಂತೆ ತೊಡೆ ಬಿಗಿ ಹಿಡಿದು ಬಿಡುವುದು. ಕಾಲು ನೆಟ್ಟಗೆ ಇಟ್ಟು ಸ್ವಲ್ಪ ಎತ್ತಿ ಇಳಿಸುವುದು. ನೋಡಿದರೆ ಏನೂ ಮಾಡುತ್ತಿಲ್ಲ ಎನ್ನಿಸುವ ಕೆಲಸ. ಮೊಣಕಾಲನ್ನು ಹಿಡಿದು ನಿಲ್ಲಿಸುವುದು ತೊಡೆಯೇ, ಅದು ಬಲಿಯದೆ ನಡಿಗೆಯಿಲ್ಲ.

ಎರಡನೆಯ ಅಳತೆಯನ್ನೂ ಗೊತ್ತು ಮಾಡಿಕೊಂಡೆವು. ಇವತ್ತು ಮಾಡಿದ್ದು ಸರಿಯೋ ಹೆಚ್ಚೋ ಎಂದು ಇವತ್ತು ತಿಳಿಯುವುದಿಲ್ಲ, ನಾಳೆ ಬೆಳಿಗ್ಗೆ ಹಾಸಿಗೆಯಿಂದ ಕಾಲಿಡುವಾಗ ತಿಳಿಯುತ್ತದೆ. ನೋವು ರಾತ್ರಿ ಕಳೆದರೂ ಉಳಿದಿದ್ದರೆ, ಮೊಣಕಾಲು ತುಂಬಿದಂತಿದ್ದರೆ ನಿನ್ನೆಯದು ಹೆಚ್ಚಾಯಿತು, ಇಂದು ಇಳಿಸಬೇಕು. ನಾನು ಬಂದ ಕೂಡಲೇ ಕೇಳುವ ಮೊದಲ ಮಾತು, "ಬೆಳಿಗ್ಗೆ ಏನಂತು?" ವೈನಿ ತಮ್ಮ ಮೊಣಕಾಲಿನ ಬಗ್ಗೆ ಅದೊಂದು ಮುಂಗೋಪಿ ಅತ್ತೆ ಎಂಬಂತೆ ಮಾತಾಡುತ್ತಿದ್ದರು. "ಇವತ್ತು ಅತ್ತಿ ಸಮಾಧಾನ ಇದಾಳ್ರಿ." ಅಥವಾ, "ಮುಖ ಊದಿಸ್ಯಾಳ, ಇವತ್ತು ಬ್ಯಾಡ."

ಶಾಲೆಯ ಜಗಲಿಗೆ ಒಂದೇ ಮೆಟ್ಟಿಲಿತ್ತು. ಅಲ್ಲಿ ಇಳಿಯುವುದನ್ನು ಕಲಿತರು. ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು, ಕಟಕಟೆ ಇದ್ದರೆ ಕೈ, ಬೇಕಾದರೆ ಅಡ್ಡಡ್ಡವಾಗಿ. ಒಂದೇ ಮೆಟ್ಟಿಲು, ಹತ್ತಿ ಇಳಿದು, ಹತ್ತಿ ಇಳಿದು. ನಾಸಿಕದ ಚಳಿ ಬಂದಿತ್ತು. ಅಣ್ಣನ ಮಫ್ಲರ್ ತಲೆಗೆ ಸುತ್ತಿ, ಬಿಳಿ ಬೂಟು ಹಾಕಿ, ಮಂಜಿನಲ್ಲಿ ಆ ಒಂದು ಮೆಟ್ಟಿಲಿನ ಮುಂದೆ ಅವರು ನಿಂತಿರುವುದು ಈಗಲೂ ಕಾಣುತ್ತದೆ. ಬೇಸರ ಎಂದು ಒಂದು ಸಲವೂ ಅನ್ನಲಿಲ್ಲ. ಗಡದ ಮೆಟ್ಟಿಲಿಗೆ ಇಟ್ಟಷ್ಟೇ ಮರ್ಯಾದೆಯನ್ನು ಆ ಒಂದು ಮೆಟ್ಟಿಲಿಗೂ ಇಟ್ಟರು. ಕೊನೆಯ ವಾರಗಳಲ್ಲಿ ಅರ್ಧ ಬಕೆಟ್ ನೀರನ್ನು ಮೈಗೆ ಹತ್ತಿರ ಹಿಡಿದು ನಡೆದರು, ಕ್ಯಾಂಟೀನಿನ ಪಾತ್ರೆಗಾಗಿ. ಮಗ್ಗಿ ಹದಿನೇಳಕ್ಕೆ ಬಂದಿತ್ತು. ಹುಡುಗಿ ಈಗ ತಾಯಿಗಿಂತ ಮುಂದೆ ಹೇಳುತ್ತಿದ್ದಳು.

ಸಂಕ್ರಾಂತಿಯ ಎಳ್ಳುಂಡೆ ಇನ್ನೂ ಡಬ್ಬಿಯಲ್ಲಿದ್ದಾಗ ಪರೀಕ್ಷೆ ಬಂತು. ಡಾಕ್ಟರು ಮೊದಲು ತಕ್ಕಡಿಯ ಮೇಲೆ ನಿಲ್ಲಿಸಿದರು. ಮುಳ್ಳು ಹಿಂದಿನ ಸಲಕ್ಕಿಂತ ಸ್ವಲ್ಪವೇ ಹಿಂದೆ ನಿಂತಿತು. ಇಷ್ಟೆಲ್ಲ ಮಾಡಿ ಇಷ್ಟೇನಾ? ವೈನಿ ಮುಳ್ಳಿನ ಕಡೆ ನೋಡಲೇ ಇಲ್ಲ. ಆಮೇಲೆ ತೋಳಿಗೆ ಪಟ್ಟಿ. ಡಾಕ್ಟರು ಎರಡು ಸಲ ನೋಡಿ ತಲೆಯಾಡಿಸಿದರು. ಒತ್ತಡ ಇಳಿದಿತ್ತು.

"ಈಗ ಮೆಟ್ಟಿಲು."

ವೈನಿ ಕಟಕಟೆಗೆ ಕೈಯಿಟ್ಟು ಹತ್ತತೊಡಗಿದರು. ತುಟಿ ಅಲುಗುತ್ತಿತ್ತು. ನಾನು ಕೆಳಗೆ, ಹುಡುಗಿ ನನ್ನ ಪಕ್ಕದಲ್ಲಿ. ಹೋದ ಸಲ ನಿಂತಿದ್ದ ಮೆಟ್ಟಿಲು ಬಂತು, ನಿಲ್ಲಲಿಲ್ಲ.

"ಏನದು, ದೇವರ ಹೆಸರಾ?" ಎಂದು ಡಾಕ್ಟರು ಮೇಲಿನಿಂದ ಕೇಳಿದರು.

"ಹದಿನೇಳ ಆರ್ಲೆ ನೂರಾ ಎರಡು" ಎಂದರು ವೈನಿ ಜೋರಾಗಿ, ಹತ್ತುತ್ತಲೇ.

ಡಾಕ್ಟರಿಗೆ ಅರ್ಥವಾಗಲಿಲ್ಲ. ಹುಡುಗಿ ಕೆಳಗಿನಿಂದ ಮರಾಠಿಯಲ್ಲಿ ಕೂಗಿ ಹೇಳಿದಳು, ಅದು ಮಗ್ಗಿ, ಅದು ತುಂಡಾದರೆ ಆಯಿ ನಿಲ್ಲಬೇಕು ಎಂದು. ವೈನಿ ಮೇಲೆ ಮುಟ್ಟಿ, ತಿರುಗಿ, ಬಲಗಾಲು ಮೊದಲಿಟ್ಟು, ಅವಸರವಿಲ್ಲದೆ ಕೆಳಗಿಳಿದು ಬಂದರು. 'ಹದಿನೇಳ ಹತ್ಲೆ ನೂರಾ ಎಪ್ಪತ್ತು' ಕೊನೆಯ ಮೆಟ್ಟಿಲಿಗೆ ಮುಗಿಯಿತು.

ತೂಕ ಹೆಚ್ಚು ಇಳಿದಿಲ್ಲವಲ್ಲ ಎಂದು ನಾನು ಮೆಲ್ಲಗೆ ಅಂದೆ. ಡಾಕ್ಟರು ಸಹಿ ಮಾಡುತ್ತ, "ಇವರು ಎಷ್ಟು ಭಾರ ಎಂದು ಕ್ಯಾಂಟೀನಿನವರು ಕೇಳಿಲ್ಲ, ಮಾಸ್ತರ್. ಕೆಲಸ ಮಾಡಬಲ್ಲರೇ ಎಂದು ಕೇಳಿದ್ದಾರೆ. ಮಾಡಬಲ್ಲರು" ಎಂದರು. ಮೊದಮೊದಲು ಕೂತು ಮಾಡುವ ಕೆಲಸ, ಆಮೇಲೆ ಒಲೆ ಎಂದು ಬರೆದುಕೊಟ್ಟರು. ಆ ಬಿಳಿ ಬೂಟಿನಲ್ಲೇ ವೈನಿ ಕ್ಯಾಂಟೀನಿನ ಒದ್ದೆ ನೆಲಕ್ಕೆ ಕಾಲಿಟ್ಟರು. ಕ್ವಾರ್ಟರ್ಸ್ ಉಳಿಯಿತು.

ನಡುವಿನ ವರ್ಷಗಳ ಕಥೆ ಬೇರೆ, ಅದು ಇಲ್ಲಿ ಬೇಡ. ಕೊನೆಯ ವರ್ಷಗಳಲ್ಲಿ ವೈನಿ ಮಗಳ ಮನೆಯಲ್ಲಿದ್ದರು, ಈಗ ಸಂಭಾಜಿನಗರ ಎನ್ನುವ ಊರಿನ ಚಿಕಲಠಾಣಾದಲ್ಲಿ. ತೂಕ ಕೊನೆಯವರೆಗೂ ಹೆಚ್ಚೇ ಇತ್ತು, ಬೆಳಗಿನ ನಡಿಗೆಯೂ ಇತ್ತು. ಅವರು ಹೋದ ಸುದ್ದಿ ಬಂದು ನಾನು ಅಲ್ಲಿ ಮುಟ್ಟಿದಾಗ ಮಗಳು ಹೇಳಿದಳು, ಹೋದ ವರ್ಷ ಬಚ್ಚಲಲ್ಲಿ ಬಿದ್ದಿದ್ದರಂತೆ. "ನಾ ಓಡಿ ಬರೂದ್ರಾಗ, ಕಾಕಾ, ಮಗ್ಗಲಾಗಿ, ಮೊಣಕಾಲೂರಿ, ತೊಟ್ಟಿ ಹಿಡದು ಎದ್ದು ನಿಂತಿದ್ಲು. 'ಯಾಕ ಓಡಿ ಬಂದಿ, ಘಾಯಿ ನಕೋ' ಅಂದ್ಲು."

ನಾಲ್ಕು ಜನ ಅವರನ್ನು ಹೊತ್ತದ್ದು ಅವರೇ ಹೇಳಿದಂತೆ ಒಂದೇ ಸಲ.

ಅಸ್ಥಿಯನ್ನು ನಾಸಿಕಕ್ಕೇ ತಂದು ಗೋದಾವರಿಯಲ್ಲಿ, ರಾಮಕುಂಡದಲ್ಲಿ ಬಿಟ್ಟೆವು. ತಿರುಗಿ ಮೇಲೆ ಬರುವಾಗ ಘಾಟಿನ ಮೆಟ್ಟಿಲಲ್ಲಿ ನನಗೆ ಉಸಿರು ಹತ್ತಿತು. ನಾನೂ ಈಗ ಮುದುಕ, ಹೊಟ್ಟೆ ಬಂದಿದೆ, ಮೊಣಕಾಲು ಮಾತು ಕೇಳುವುದಿಲ್ಲ. ಮಗಳು ನಿಂತು ನನ್ನ ಮುಖ ನೋಡಿದಳು.

"ಕಾಕಾ, ಮಗ್ಗಿ ಹೇಳ್ರಿ."

ಹದಿಮೂರರದು ಶುರು ಮಾಡಿದೆ. ನಾಲ್ಕಕ್ಕೇ ತುಂಡಾಯಿತು. ಅವಳು ನನ್ನನ್ನು ಒದ್ದೆ ಮೆಟ್ಟಿಲ ಮೇಲೆ ಕೂಡಿಸಿ ತಾನೂ ಕೂತಳು. ಕೆಳಗೆ ಯಾರೋ ದೀಪ ಬಿಡುತ್ತಿದ್ದರು. ಉಸಿರು ಸಮವಾದ ಮೇಲೆ ಅವಳು ಎದ್ದು ಕೈ ಚಾಚಿದಳು. ಬೇಡ ಎಂದೆ. ಒಂದು ಮಗ್ಗುಲಿಗೆ ವಾಲಿ, ಅಂಗೈ ಊರಿ, ಮೊಣಕಾಲೂರಿ, ಮೇಲಿನ ಮೆಟ್ಟಿಲಿಗೆ ಕೈ ಕೊಟ್ಟು, ಒಳ್ಳೆಯ ಕಾಲು ಮುಂದಿಟ್ಟು ಎದ್ದೆ. ಎದ್ದು ನಿಂತ ಮೇಲೆ ಉಳಿದದ್ದನ್ನು ಹೇಳಿದೆ. ಐವತ್ತೆರಡು. ಅವಳು "ಹದಿಮೂರ ಐದ್ಲೆ" ಎಂದಳು, ಅಪ್ಪಟ ಕನ್ನಡದಲ್ಲಿ, ತಾಯಿಯದೇ ಧಾಟಿಯಲ್ಲಿ. ನಾವು ಹತ್ತಿದೆವು.